ಬ್ರಹ್ಮದೇಶದ ಬಾಗಿಲು

ನಮ್ಮ ಅತ್ತೆಯವರಿಗೆ ಹೆಮ್ಮೆಯ ವಸ್ತುಗಳು ಎರಡೇ ಇದ್ದವು. ಒಂದು ತವರಿನಿಂದ ಬಂದ ತಾಮ್ರದ ಹಂಡೆ, ಇನ್ನೊಂದು ಗಂಡನ ಮನೆಯ ತಲಬಾಗಿಲು. ಹಂಡೆ ಮೈದುನನ ಪಾಲಿಗೆ ಹೋಯಿತು, ಅದರ ಮಾತು ಬಿಡಿ. ಬಾಗಿಲು ಮಾತ್ರ ನಮಗೆ ಉಳಿಯಿತು. ಎರಡು ಕದ, ಒಂದೊಂದೂ ಒಬ್ಬಳಿಂದ ಸುಲಭಕ್ಕೆ ತಳ್ಳಲಾಗದಷ್ಟು ಭಾರ. ಚೌಕಟ್ಟಿನ ಮೇಲೆ ಕಮಲದ ಬಳ್ಳಿ, ನಡುವೆ ಗಜಲಕ್ಷ್ಮಿ, ಅದರ ಕೆಳಗೆ ಶಕೆ 1827 ಎಂದು ಕೊರೆದ ಅಂಕಿ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಹೊಸ್ತಿಲಿಗೆ ಅರಿಸಿನ ಹಚ್ಚುತ್ತಿದ್ದಾಗ ಅತ್ತೆ ಹಿಂದೆ ಬಂದು ನಿಂತು ಹೇಳಿದ್ದರು: “ನೋಡವಾ, ಇದು ದಾಂಡೇಲಿ ಸಾಗವಾನಿ ಅಲ್ಲ, ಬ್ರಹ್ಮದೇಶದ್ದು. ಮಾವನವರ ತಂದಿ ಮುಂಬೈಯಿಂದ ರೈಲಿನ್ಯಾಗ ತರಿಸಿದ್ದು. ಗೆದ್ದಲು ಇದರ ಹತ್ತರ ಸುಳಿಯೂದಿಲ್ಲ.”

ಧಾರವಾಡದವರಿಗೆ ಸಾಗವಾನಿಯೇನು ಅಪರೂಪದ ಮರವಲ್ಲ. ದಾಂಡೇಲಿ ಕೂಗಳತೆಯಲ್ಲಿದೆ ಎನ್ನಬೇಕು. ಆದರೂ ಹಿತ್ತಲ ಗಿಡ ಮದ್ದಲ್ಲ ನೋಡಿ. ಓಣಿಯ ಉಳಿದ ಮನೆಗಳವು ದಾಂಡೇಲಿ ಬಾಗಿಲುಗಳು, ನಮ್ಮದು ಬ್ರಹ್ಮದೇಶದ್ದು. ಈ ಒಂದು ವ್ಯತ್ಯಾಸದ ಮೇಲೆ ಅತ್ತೆಯವರು ಐವತ್ತು ವರ್ಷ ಓಣಿಯಲ್ಲಿ ತಲೆಯೆತ್ತಿ ನಡೆದರು.

ಆ ಮನೆ ಈಗ ಇಲ್ಲ. ಪಾಲಾಗಿ, ಗೋಡೆ ಕೆಳಗಿಳಿದು, ಬಾಗಿಲು ಬಿಚ್ಚಿಸಿಕೊಂಡು ಬಂದು ನಮ್ಮ ಬಾಡಿಗೆ ಮನೆಯ ವರಾಂಡದಲ್ಲಿ ಗೋಡೆಗೆ ಒರಗಿಸಿಟ್ಟಿದ್ದೆವು. ಹೋದ ವರ್ಷ ಮಗ ಹುಬ್ಬಳ್ಳಿಯಲ್ಲಿ ಮನೆ ಕಟ್ಟಲು ಶುರುಮಾಡಿದ. “ಅವ್ವಾ, ಹಳೇ ತಲಬಾಗಿಲು ಹೆಂಗೂ ಅದ. ಉಳಿದ ಬಾಗಿಲೂ ಅದಕ್ಕ ಹೊಂದೂ ಹಂಗ ಬರ್ಮಾ ಟೀಕೇ ಹಾಕಿಸೂಣು” ಅಂದ. ನನಗೂ ಆಸೆ. ಇಬ್ಬರೂ ಕಟ್ಟಿಗೆ ಅಡ್ಡೆಗೆ ಹೋದೆವು. ಅಡ್ಡೆಯವರು ಒಂದು ಹಲಗೆಯ ಮೇಲೆ ನೀರು ಚಿಮುಕಿಸಿ ಬಂಗಾರದ ಬಣ್ಣದ ಎಳೆ ತೋರಿಸಿದರು. ಘನ ಅಡಿಯ ದರ ಕೇಳಿ ನಾನು ಬಾಯಿ ತೆರೆದೆ. “ಒರಿಜಿನಲ್ ಬರ್ಮಾ ಅದರೀ ಅಕ್ಕಾರ. ಅಲ್ಲಿ ಗದ್ದಲ ನಡದದಲ್ಲರೀ, ಅದಕ್ಕ ರೇಟು ಏರ್ಯದ. ಇನ್ನೂ ಏರತದ. ಈಗ ತೊಗೊಂಡವರು ಜಾಣರು” ಅಂದರು.

ಗದ್ದಲ! ಎಷ್ಟು ಸಣ್ಣ ಮಾತು. ಮದುವೆ ಮನೆಯಲ್ಲೂ ಗದ್ದಲವಿರುತ್ತದೆ. ನಾನು ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ಇತಿಹಾಸ ಕಲಿಸಿದವಳು. ಆ ಒಂದು ಶಬ್ದ ಕೇಳಿದ ಕೂಡಲೇ ಹಲಗೆಯ ಮೇಲಿಟ್ಟ ಕೈ ಹಿಂದಕ್ಕೆ ಬಂತು.

ಇದಕ್ಕೆ ಕಾರಣ ಹೇಳಬೇಕಾದರೆ ರತ್ನಾಗಿರಿಗೆ ಹೋಗಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ಮಹಿಳಾ ಮಂಡಳದವರು ಗಣಪತಿಪುಳೆಗೆ ಪ್ರವಾಸ ಹೊರಟಿದ್ದೆವು. ಕೊಲ್ಲಾಪುರದ ಅಂಬಾಬಾಯಿಯ ದರ್ಶನ ಮಾಡಿ, ಅಂಬಾ ಘಾಟ ಇಳಿದು ರತ್ನಾಗಿರಿ ಸೇರಿದಾಗ ಡ್ರೈವರು, “ಥೀಬಾ ರಾಜಾನ ವಾಡೆ ನೋಡತೀರೇನ್ರಿ?” ಎಂದು ಕೇಳಿದ. ಊಟಕ್ಕೆ ಇನ್ನೂ ಹೊತ್ತಿತ್ತು, ನೋಡಿಯೇ ಬಿಡೋಣ ಎಂದು ಇಳಿದೆವು. ಸಮುದ್ರದ ಕಡೆ ಮುಖ ಮಾಡಿದ ಎತ್ತರದ ಜಾಗ, ಕೆಂಪು ಕಟ್ಟಡ, ಈಗ ಅದರಲ್ಲಿ ವಸ್ತುಸಂಗ್ರಹಾಲಯ. ನಮ್ಮ ಜೊತೆಗಿದ್ದ ಹಿರಿಯರೊಬ್ಬರು ಬಿಸಿಲಿಗೆ ಸೆರಗು ಹೊದ್ದುಕೊಂಡು ಕೇಳಿದರು: “ಯಾವ ಸಂಸ್ಥಾನದ ರಾಜಾನವಾ ಇವ? ಸಾಂಗಲಿ ಏನು, ಜಮಖಂಡಿ ಏನು?” ಬ್ರಹ್ಮದೇಶದವನು ಎಂದೆ. “ಅಲ್ಲಿಂದ ಇಲ್ಲಿಗ್ಯಾಕ ಬಂದ?” ಎಂದರು. ಇತಿಹಾಸದ ಟೀಚರಲ್ಲವೇ, ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು: “1885, ಮೂರನೆಯ ಬರ್ಮಾ ಯುದ್ಧ, ವೈಸರಾಯ್ ಡಫರಿನ್.” ಒಂದು ಅಂಕದ ಪ್ರಶ್ನೆಗೆ ಒಂದು ಅಂಕದ ಉತ್ತರ. “ಅಲ್ಲವಾ, ಯುದ್ಧ ಯಾಕ ಆತು?” ಅಂದರು ಅವರು. ಅಷ್ಟು ವರ್ಷ ಕಲಿಸಿದರೂ ನನ್ನ ಯಾವ ವಿದ್ಯಾರ್ಥಿಯೂ ಆ ಪ್ರಶ್ನೆ ಕೇಳಿರಲಿಲ್ಲ. ಮನೆಗೆ ಬಂದ ಮೇಲೆ ನಾನೇ ಹುಡುಕಿ ಓದಬೇಕಾಯಿತು. ಓದಿದಾಗ ತಿಳಿದದ್ದು, ಆ ಯುದ್ಧಕ್ಕೆ ನೆಪವಾದದ್ದು ಸಾಗವಾನಿ ದಿಮ್ಮಿಗಳ ಲೆಕ್ಕ.

ಕಥೆ ಹೀಗಿದೆ. ಬರ್ಮಾದ ಕೆಳಭಾಗ, ರಂಗೂನಿನ ಕಡೆಯದೆಲ್ಲ, 1852ರ ಹೊತ್ತಿಗೇ ಇಂಗ್ಲಿಷರ ಕೈಸೇರಿತ್ತು. ಮೇಲಿನ ಭಾಗದಲ್ಲಿ ಮಂಡಾಲೆಯ ರಾಜರು ಉಳಿದಿದ್ದರು. ಹಡಗು ಕಟ್ಟಲು, ರೈಲಿನ ಡಬ್ಬಿ ಮಾಡಲು, ಬಂಗಲೆಗಳಿಗೆ ಸಾಗವಾನಿ ಬೇಕು. ಕೆಳಭಾಗದ ಕಾಡುಗಳನ್ನು ವ್ಯಾಪಾರಿಗಳು ಮೊದಲೇ ಬೋಳಿಸಿದ್ದರು. ಒಳ್ಳೆಯ ಮರವೆಲ್ಲ ಮೇಲೆ ರಾಜನ ಕಾಡುಗಳಲ್ಲಿತ್ತು. 1863ರಲ್ಲಿ ಮುಂಬೈಯಲ್ಲಿ ಬಾಂಬೆ ಬರ್ಮಾ ಟ್ರೇಡಿಂಗ್ ಕಾರ್ಪೊರೇಷನ್ ಎಂಬ ಕಂಪೆನಿ ಹುಟ್ಟಿತು. ಅದು ರಾಜನಿಂದ ನಿಂಗ್ಯಾನ್ ಕಾಡುಗಳ ಗುತ್ತಿಗೆ ಹಿಡಿಯಿತು. ನಿಂಗ್ಯಾನ್ ಎಂದರೆ ಇಂದಿನ ಪ್ಯಿನ್ಮನಾ. ಈಗಿನ ರಾಜಧಾನಿ ನೇಪಿಡಾ ಅದರ ಪಕ್ಕದಲ್ಲೇ ಇದೆ.

ಸಾಗವಾನಿ ಕಡಿಯುವ ರೀತಿ ಕೇಳಿದರೆ ಮನಸ್ಸಿಗೆ ಒಂದು ಥರ ಆಗುತ್ತದೆ. ಹಸಿ ಮರ ನೀರಿನಲ್ಲಿ ತೇಲುವುದಿಲ್ಲ, ಮುಳುಗುತ್ತದೆ. ಅದಕ್ಕೆ ಬುಡದಲ್ಲಿ ಸುತ್ತಲೂ ಬಳೆ ತೊಡಿಸಿದ ಹಾಗೆ ತೊಗಟೆಯನ್ನು ಆಳವಾಗಿ ಕೆತ್ತಿ ಬಿಟ್ಟುಬಿಡುತ್ತಾರೆ. ಮರ ನಿಂತಲ್ಲೇ ಎರಡು ಮೂರು ವರ್ಷ ಒಣಗುತ್ತದೆ. ಆಮೇಲೆ ಉರುಳಿಸಿ, ಆನೆಗಳಿಂದ ಹಳ್ಳಕ್ಕೆ ಎಳೆಸಿ, ಮಳೆಗಾಲದ ಪ್ರವಾಹದಲ್ಲಿ ನದಿಗೆ ಬಿಡುತ್ತಾರೆ. ಮರಕ್ಕೆ ಬಳೆ ಬಿದ್ದ ದಿನದಿಂದ ದಿಮ್ಮಿ ಬಂದರು ಸೇರುವ ತನಕ ನಾಲ್ಕೈದು ವರ್ಷವೂ ಹಿಡಿಯುತ್ತಿತ್ತು. ಇಷ್ಟು ದೂರದ, ಇಷ್ಟು ನಿಧಾನದ ವ್ಯವಹಾರದಲ್ಲಿ ಎಷ್ಟು ದಿಮ್ಮಿ ಹೊರಟವು, ಎಷ್ಟಕ್ಕೆ ಹಣ ಬಂತು ಎಂಬುದು ಬರೆದವನ ಪೆನ್ನಿನಲ್ಲಿತ್ತು. ಕಂಪೆನಿ ತೋರಿಸಿದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ದಿಮ್ಮಿ ಸಾಗಿಸಿದೆ, ರಾಜನಿಗೆ ಸಲ್ಲಬೇಕಾದುದನ್ನು ನುಂಗಿದೆ ಎಂದು ಮಂಡಾಲೆಯ ಮಂತ್ರಿಸಭೆ 1885ರಲ್ಲಿ ತೀರ್ಪು ಕೊಟ್ಟು 23 ಲಕ್ಷ ರೂಪಾಯಿ ದಂಡ ಹಾಕಿತು. ಆ ಕಾಲದ 23 ಲಕ್ಷ!

ಕಾಡುಗಳ್ಳ ಎಂದರೆ ನಮ್ಮ ಕಣ್ಣೆದುರು ಬರುವುದು ಕೊಡಲಿ, ಬಂದೂಕು, ದೊಡ್ಡ ಮೀಸೆ. ಗಂಧದ ಮರ, ಆನೆಯ ದಂತ ಕದ್ದು ವರ್ಷಗಟ್ಟಲೆ ಎರಡು ರಾಜ್ಯಗಳ ಪೊಲೀಸರನ್ನು ಕಾಡಿದ ವೀರಪ್ಪನ್ 2004ರಲ್ಲಿ ಸಾಯುವ ತನಕ ಆ ಮೀಸೆಯನ್ನು ನಾವು ಪೇಪರಿನಲ್ಲಿ ನೋಡುತ್ತಲೇ ಇದ್ದೆವು. ಆದರೆ ಲೆಡ್ಜರು ಹಿಡಿದು ಕಾಡು ಕದಿಯಬಹುದು, ಅದಕ್ಕೆ ಮೀಸೆಯೂ ಬೇಕಿಲ್ಲ ಎಂದು ನಮಗೆ ಸುಲಭಕ್ಕೆ ಹೊಳೆಯುವುದಿಲ್ಲ.

ಕಂಪೆನಿ ತಪ್ಪನ್ನು ಒಪ್ಪಲಿಲ್ಲ. ನೇರವಾಗಿ ಇಂಗ್ಲಿಷ್ ಸರಕಾರದ ಬಾಗಿಲು ತಟ್ಟಿತು. ಅಲ್ಲಿ ಬೇರೆ ಲೆಕ್ಕಗಳೂ ನಡೆದಿದ್ದವು. ಥೀಬಾ ರಾಜ ಫ್ರೆಂಚರೊಡನೆ ಒಪ್ಪಂದ ಮಾಡಿಕೊಂಡಿದ್ದ, ಅವರು ಮಂಡಾಲೆಗೆ ಬಂದು ಕೂತರೆ ಏನು ಗತಿ ಎಂಬ ಹೆದರಿಕೆ. ರಂಗೂನಿನ ಇಂಗ್ಲಿಷ್ ವ್ಯಾಪಾರಿಗಳಿಗೆ ಚೀನಾದ ದಾರಿ ಬೇಕೆಂಬ ಆತುರ. ದಿಮ್ಮಿಗಳ ಜಗಳ ಒಳ್ಳೆಯ ಹೊತ್ತಿಗೆ ಸಿಕ್ಕ ನೆಪವಾಯಿತು. 1885ರ ಅಕ್ಟೋಬರ್ 22ರಂದು ಡಫರಿನ್ ಎಚ್ಚರಿಕೆಯ ಪತ್ರ ಕಳಿಸಿದ. ಕಂಪೆನಿಯ ಮೇಲಿನ ಕ್ರಮ ನಿಲ್ಲಿಸಬೇಕು, ಮಂಡಾಲೆಯಲ್ಲಿ ಇಂಗ್ಲಿಷರ ಪ್ರತಿನಿಧಿ ಇರಬೇಕು, ಪರದೇಶಗಳ ಜೊತೆಗಿನ ವ್ಯವಹಾರವನ್ನು ಭಾರತ ಸರಕಾರ ಹೇಳಿದಂತೆ ನಡೆಸಬೇಕು. ಒಪ್ಪಿದರೆ ಅರಸೊತ್ತಿಗೆಯ ಹೆಸರು ಮಾತ್ರ ಉಳಿಯುತ್ತಿತ್ತು. ನವೆಂಬರಿನಲ್ಲಿ ಸುಮಾರು ಹತ್ತು ಸಾವಿರ ಸೈನ್ಯ ಹಬೆಯ ಹಡಗುಗಳಲ್ಲಿ ಐರಾವತಿ ನದಿ ಹತ್ತಿ ಹೊರಟಿತು. ಅದರಲ್ಲಿ ನಮ್ಮವರೇ, ಎಂದರೆ ಭಾರತದ ಸಿಪಾಯಿಗಳೂ, ಬಹಳ ಜನ. ಎರಡೇ ವಾರದಲ್ಲಿ ಮಂಡಾಲೆ ಬಿತ್ತು.

ಥೀಬಾನೇನು ಸಂತನಲ್ಲ. ಅವನು ಪಟ್ಟಕ್ಕೆ ಬಂದ ಸ್ವಲ್ಪ ದಿನಕ್ಕೇ, 1879ರಲ್ಲಿ, ಅರಮನೆಯ ದಾಯಾದಿಗಳ ಕೊಲೆ ನಡೆಯಿತು. ಅದರ ಕಳಂಕ ರಾಣಿ ಸುಪಯಲಾಟಳ ಮೇಲೂ ಇದೆ. ಆದರೂ ನವೆಂಬರ್ 29ರ ಆ ಸಂಜೆಯನ್ನು ಓದುವಾಗ ಹೆಣ್ಣಿನ ಕರುಳು ಸುಮ್ಮನಿರುವುದಿಲ್ಲ. ಎರಡು ಪುಟ್ಟ ಹೆಣ್ಣುಮಕ್ಕಳು, ಹೊಟ್ಟೆಯಲ್ಲಿ ಮತ್ತೊಂದು. ಎತ್ತಿನ ಗಾಡಿಯಲ್ಲಿ ಕೂರಿಸಿ ನದಿಯ ದಂಡೆಗೆ ತಂದು ಹಡಗು ಹತ್ತಿಸಿದರು. ಮೊದಲು ಮದರಾಸು; ಅಲ್ಲಿ ಮೂರನೆಯ ಮಗಳು ಹುಟ್ಟಿದಳು. ಆಮೇಲೆ ರತ್ನಾಗಿರಿ. ಮೂವತ್ತು ವರ್ಷ ಅಲ್ಲೇ. ನಾವು ನೋಡಿದ ವಾಡೆ ಕಟ್ಟಿಸಿಕೊಟ್ಟದ್ದು 1910ರಲ್ಲಿ. 1916ರಲ್ಲಿ ರಾಜ ತೀರಿಕೊಂಡ. ರಾಣಿ ಹೆಣವನ್ನು ಮಂಡಾಲೆಗೆ ಒಯ್ಯಲು ಬಿಡಿ ಎಂದು ಹಟ ಹಿಡಿದಳು, ಸರಕಾರ ಬಿಡಲಿಲ್ಲ. ಕೊನೆಗೆ 1919ರಲ್ಲಿ ಅಲ್ಲೇ ಗೋರಿಯಾಯಿತು, ಅವಳು ರಂಗೂನಿಗೆ ಮರಳಿದಳು. ಹಿರಿಯ ರಾಜಕುಮಾರಿ ವಾಡೆಯ ಕಾವಲುಗಾರನೊಬ್ಬನನ್ನು ಮೆಚ್ಚಿ ಒಂದು ಹೆಣ್ಣುಮಗುವನ್ನು ಹಡೆದಿದ್ದಳು. ಬರ್ಮಾ ರಾಜನ ಆ ಮೊಮ್ಮಗಳು ರತ್ನಾಗಿರಿಯಲ್ಲೇ ಮರಾಠಿ ಮಾತಾಡಿಕೊಂಡು ಬಡತನದಲ್ಲಿ ಬಾಳಿದಳು.

ಇಲ್ಲೊಂದು ವಿಚಿತ್ರವಿದೆ. ರತ್ನಾಗಿರಿಯ ನೆಲದ ಮಗ ಲೋಕಮಾನ್ಯ ತಿಲಕರನ್ನು 1908ರಿಂದ 1914ರ ತನಕ ಇಂಗ್ಲಿಷರು ಸೆರೆಯಿಟ್ಟದ್ದು ಮಂಡಾಲೆಯಲ್ಲಿ. ಮಂಡಾಲೆಯ ರಾಜ ರತ್ನಾಗಿರಿಯಲ್ಲಿ, ರತ್ನಾಗಿರಿಯ ತಿಲಕರು ಮಂಡಾಲೆಯಲ್ಲಿ. ನಮ್ಮ ಅತ್ತೆಯವರ ಮನೆಯಲ್ಲಿ ‘ಗೀತಾರಹಸ್ಯ’ವನ್ನು ಪೂಜೆಗಿಡುತ್ತಿದ್ದರು. ಅದು ಮಂಡಾಲೆಯ ಸೆರೆಮನೆಯಲ್ಲಿ ಬರೆದದ್ದೆಂದು ಎಲ್ಲರಿಗೂ ಗೊತ್ತಿತ್ತು. ಮನೆಯ ಬಾಗಿಲೂ ಅದೇ ದೇಶದಿಂದ ಬಂತು ಎನ್ನುವುದೂ ಗೊತ್ತಿತ್ತು. ಎರಡನ್ನೂ ಜೋಡಿಸಿ ಯಾರೂ ಯೋಚಿಸಿರಲಿಲ್ಲ, ನಾನೂ ಸೇರಿ.

ರಾಜ ಹೋದ ಮೇಲೆ ಜಗಳ ಮುಗಿಯಿತೆಂದುಕೊಂಡರೆ ಅದೂ ಇಲ್ಲ. 1886ರ ಜನವರಿ 1ರಂದು ಇಡೀ ದೇಶ ತಮ್ಮದೆಂದು ಇಂಗ್ಲಿಷರು ಘೋಷಿಸಿದರು. ಹಳ್ಳಿಹಳ್ಳಿಯಲ್ಲಿ ಜನ ತಿರುಗಿಬಿದ್ದರು. ಎರಡು ವಾರದಲ್ಲಿ ಗೆದ್ದ ದೇಶವನ್ನು ಅಡಗಿಸಲು ನಾಲ್ಕೈದು ವರ್ಷ, ಮೂವತ್ತು ಸಾವಿರಕ್ಕೂ ಮೀರಿದ ಸೈನ್ಯ ಬೇಕಾಯಿತು. ಊರುಗಳನ್ನು ಸುಟ್ಟರು. ಕಂಪೆನಿಗೆ ಮಾತ್ರ ಮೇಲಿನ ಬರ್ಮಾದ ಕಾಡುಗಳಲ್ಲಿ ದೊಡ್ಡ ದೊಡ್ಡ ಗುತ್ತಿಗೆ ಸಿಕ್ಕಿತು. (ಅದೇ ಕಂಪೆನಿ ಮುಂದೆ ದಕ್ಷಿಣ ಭಾರತಕ್ಕೂ ಬಂದು ಚಹಾ, ಕಾಫಿ ತೋಟ ಮಾಡಿತು, ನಮ್ಮ ಕೊಡಗಿನಲ್ಲೂ. ಈಗ ಭಾರತೀಯರ ಒಡೆತನದಲ್ಲಿದೆ.) ನಮ್ಮ ಬಾಗಿಲಿನ ಶಕೆ 1827 ಎಂದರೆ ಇಸವಿ 1905. ಯುದ್ಧ ಮುಗಿದು ಇಪ್ಪತ್ತು ವರ್ಷ. ಮೇಲಿನ ಬರ್ಮಾದ ಮರ ಮುಂಬೈಗೆ ಧಾರಾಳವಾಗಿ ಬರುತ್ತಿದ್ದ ಕಾಲ.

ಇದು ಹಳೆಯ ಕಥೆ, ಇಂಗ್ಲಿಷರ ಪಾಪ ಅವರಿಗೆ ಎಂದು ಪುಸ್ತಕ ಮುಚ್ಚಿಬಿಡಬಹುದಿತ್ತು. ಆದರೆ ಅಡ್ಡೆಯವರು ಹೇಳಿದ ‘ಗದ್ದಲ’ ಇಂಗ್ಲಿಷರದಲ್ಲ.

1948ರಲ್ಲಿ ಬರ್ಮಾ ಸ್ವತಂತ್ರವಾಯಿತು. ಮರುವರ್ಷವೇ, 1949ರ ಜನವರಿ ಕೊನೆಗೆ, ಥೈಲ್ಯಾಂಡಿನ ಗಡಿಯ ಬೆಟ್ಟಗಳ ಕರೆನ್ ಜನ ರಂಗೂನಿನ ಸರಕಾರದ ವಿರುದ್ಧ ಬಂದೂಕು ಹಿಡಿದರು. ಇವರು ಕಾಡು ಬಲ್ಲವರು. ಇಂಗ್ಲಿಷರ ಕಾಲದಲ್ಲಿ ಸಾಗವಾನಿಯ ಸಸಿ ನೆಟ್ಟವರಲ್ಲಿ, ಆನೆ ಪಳಗಿಸಿದವರಲ್ಲಿ ಇವರು ಬಹಳ. ಹೋರಾಟಕ್ಕೆ ಹಣ ಬೇಕಲ್ಲ. ಗಡಿ ದಾಟುವ ಸಾಮಾನಿಗೆ ಸುಂಕ, ಮತ್ತೆ ಸಾಗವಾನಿ. ಕಾಡೇ ಅವರ ಗಂಟು, ಕಾಡೇ ಅವರ ಕೋಟೆ. ಆ ಕೋಟೆಯನ್ನು ದಾಟಿ ಬರಲು ಸರಕಾರದ ಸೈನ್ಯಕ್ಕೆ ನಲವತ್ತು ವರ್ಷ ಸುಲಭವಾಗಿರಲಿಲ್ಲ.

1988ರ ಆಗಸ್ಟಿನಲ್ಲಿ ರಂಗೂನಿನ ಬೀದಿಗಳಲ್ಲಿ ವಿದ್ಯಾರ್ಥಿಗಳು, ಭಿಕ್ಷುಗಳು, ಹೆಂಗಸರು ಪ್ರಜಾಪ್ರಭುತ್ವ ಕೇಳಿ ಇಳಿದರು. ಸೈನ್ಯ ಗುಂಡು ಹಾರಿಸಿತು, ಸೆಪ್ಟೆಂಬರಿನಲ್ಲಿ ಸೇನಾಧಿಕಾರಿಗಳ ಹೊಸ ಕೂಟ ಅಧಿಕಾರ ಹಿಡಿಯಿತು. ಹೊರದೇಶಗಳ ನೆರವು ನಿಂತಿತು, ಖಜಾನೆಯಲ್ಲಿ ಹಣವಿಲ್ಲ. ಅದೇ ನವೆಂಬರಿನಲ್ಲಿ ದಕ್ಷಿಣ ಥೈಲ್ಯಾಂಡಿನಲ್ಲಿ ಭಾರಿ ಮಳೆ. ಮರ ಕಡಿದು ಬೋಳಾಗಿದ್ದ ಗುಡ್ಡಗಳಿಂದ ಮಣ್ಣು, ಕಡಿದಿಟ್ಟ ದಿಮ್ಮಿಗಳು ಒಟ್ಟಿಗೇ ಹಳ್ಳಿಗಳ ಮೇಲೆ ಉರುಳಿ ನೂರಾರು ಜನ ಸತ್ತರು. ಜನರ ಸಿಟ್ಟಿಗೆ ಹೆದರಿ ಥಾಯ್ ಸರಕಾರ 1989ರ ಜನವರಿಯಲ್ಲಿ ತನ್ನ ಕಾಡುಗಳಲ್ಲಿ ಕಡಿತ ನಿಲ್ಲಿಸಿತು. ಒಳ್ಳೆಯ ಕೆಲಸವೇ. ಆದರೆ ಗರಗಸಗಳು ಸುಮ್ಮನೆ ಕೂರುತ್ತವೆಯೇ? ಡಿಸೆಂಬರಿನಲ್ಲಿಯೇ ಥಾಯ್ ಸೇನಾಪತಿ ಚವಲಿತ್ ರಂಗೂನಿಗೆ ಹೋಗಿ ಬಂದಿದ್ದ. ಅದರ ಬೆನ್ನಿಗೇ ಬರ್ಮಾದ ಗಡಿಯ ಕಾಡುಗಳು ಥಾಯ್ ಕಂಪೆನಿಗಳಿಗೆ ಗುತ್ತಿಗೆಯಾದವು.

ಇದರ ಒಳಗುಟ್ಟನ್ನು ಸ್ವಲ್ಪ ಬಿಡಿಸಿ ಹೇಳಬೇಕು. ರಂಗೂನು ಮಾರಿದ ಆ ಕಾಡುಗಳು ರಂಗೂನಿನ ಕೈಯಲ್ಲಿ ಇರಲೇ ಇಲ್ಲ. ಬಹುಪಾಲು ಕರೆನ್ ಮತ್ತಿತರ ಬಂಡುಕೋರರ ಸೀಮೆ. ಕಂಪೆನಿಯವರು ರಂಗೂನಿಗೆ ಡಾಲರು ಕೊಟ್ಟರು, ಕಾಡೊಳಗೆ ಹೋಗಲು ಬಂಡುಕೋರರಿಗೂ ತೆರಿಗೆ ಕೊಟ್ಟರು. ಒಂದೇ ಮರ ಎರಡೂ ಕಡೆಯ ಬಂದೂಕಿಗೆ ಮದ್ದು ಒದಗಿಸಿತು. ದಿಮ್ಮಿ ಸಾಗಿಸಲು ಲಾರಿ ಬೇಕು, ಲಾರಿಗೆ ರಸ್ತೆ ಬೇಕು. ನಲವತ್ತು ವರ್ಷ ಸೈನ್ಯ ನುಗ್ಗಲಾಗದ ಬೆಟ್ಟಗಳಿಗೆ ರಸ್ತೆ ಆಯಿತು. ದಿಮ್ಮಿ ಇಳಿದ ದಾರಿಯಲ್ಲೇ ಸೈನಿಕರು, ತೋಪುಗಳು ಹತ್ತಿದರು. ಕಾಡು ತೆಳ್ಳಗಾದಷ್ಟೂ ಕರೆನ್ ಜನಕ್ಕೆ ಅಡಗುವ ಜಾಗವೂ ತೆಳ್ಳಗಾಯಿತು. ತಮ್ಮ ಕೋಟೆಯ ಕಲ್ಲನ್ನು ತಾವೇ ಮಾರಿಕೊಂಡಂತೆ. ಬೇರೆ ದಾರಿಯಾದರೂ ಏನಿತ್ತು ಅವರಿಗೆ? 1993ರಲ್ಲಿ ರಂಗೂನು ಆ ಗುತ್ತಿಗೆಗಳನ್ನು ನಿಲ್ಲಿಸಿತು. ಆ ಹೊತ್ತಿಗೆ ಆಗುವುದೆಲ್ಲ ಆಗಿತ್ತು. ಕರೆನ್ನರೊಳಗೇ ಬೌದ್ಧರಿಗೂ ಕ್ರೈಸ್ತ ಮುಖಂಡರಿಗೂ ಒಡಕು ಬಿದ್ದು, 1995ರ ಜನವರಿಯಲ್ಲಿ ಅವರ ರಾಜಧಾನಿ ಮನೆರ್‌ಪ್ಲಾ ಸೈನ್ಯದ ಪಾಲಾಯಿತು.

ಕರೆನ್ ಹುಡುಗಿಯರು ಮದುವೆಯ ತನಕ ಬಿಳಿಯ ನೀಳ ಅಂಗಿ ತೊಡುತ್ತಾರೆ, ತಾವೇ ನೇಯ್ದದ್ದು. ಆ ಬಿಳಿ ಅಂಗಿಯವರೂ, ಅವರ ತಾಯಂದಿರೂ ಸೈನ್ಯದ ಅಕ್ಕಿ, ಗುಂಡು ಹೊತ್ತು ಬೆಟ್ಟ ಹತ್ತಬೇಕಾಯಿತು, ಬಿಟ್ಟಿಯಾಗಿ, ಬಂದೂಕಿನ ತುದಿಯಲ್ಲಿ. ನನ್ನನ್ನು ಬಹಳ ದಿನ ಕಾಡಿದ್ದು ಇನ್ನೊಂದು ಸಂಗತಿ. ಊರ ಗೌಡಕಿ ಅಲ್ಲಿ ಗಂಡಸರದೇ ಆಗಿತ್ತು. ಆದರೆ ಬಂಡುಕೋರರಿಗೆ ನೆರವಾದೆ ಎಂದು ಸೈನಿಕರು ಗೌಡನಾದವನನ್ನು ಬಡಿದು ಕೊಲ್ಲುತ್ತಿದ್ದರು. ಗಂಡಸರು ಯಾರೂ ಆ ಗಾದಿಗೆ ಮುಂದೆ ಬರಲಿಲ್ಲ. ಆಗ ಊರಿನವರು ಹೆಂಗಸರನ್ನು, ವಯಸ್ಸಾದ ಅಜ್ಜಿಯರನ್ನು ಗೌಡರನ್ನಾಗಿ ಮಾಡಿದರು; ಮುದುಕಿಯನ್ನು ಕೊಲ್ಲಲಾರರು ಎಂಬ ನಂಬಿಕೆಯಿಂದ. ನಾವಿಲ್ಲಿ ಪಂಚಾಯತಿಯಲ್ಲಿ ಹೆಂಗಸರಿಗೆ ಮೂರರಲ್ಲಿ ಒಂದು ಸ್ಥಾನ ಸಿಕ್ಕಿತೆಂದು ಮಂಡಳದಲ್ಲಿ ಪೇಢೆ ಹಂಚಿದ ಕಾಲಕ್ಕೇ ಅಲ್ಲಿ ಹೆಂಗಸಿಗೆ ಅಧಿಕಾರ ಬಂದದ್ದು ಹೀಗೆ. ಆ ನಂಬಿಕೆಯೂ ಪೂರ್ತಿ ನಿಜವಾಗಲಿಲ್ಲ. ಗೌಡತಿಯರೂ ಪೆಟ್ಟು ತಿಂದರು, ಮಾನ ಕಳೆದುಕೊಂಡರು, ಕೆಲವರು ಸತ್ತರು. 1990ರ ದಶಕ ಮುಗಿಯುವ ಹೊತ್ತಿಗೆ ಥೈಲ್ಯಾಂಡಿನ ಗಡಿಯ ನಿರಾಶ್ರಿತರ ಶಿಬಿರಗಳಲ್ಲಿ ಲಕ್ಷಕ್ಕೂ ಹೆಚ್ಚು ಜನರಿದ್ದರು. ಬಿದಿರು, ಎಲೆಯ ಮನೆಗಳು. ಸಾಗವಾನಿಯ ನಾಡಿನವರು.

ಉತ್ತರದ ಕಚಿನ್ ಬೆಟ್ಟಗಳಲ್ಲೂ ಇದೇ ಆಟ, ಗಿರಾಕಿ ಮಾತ್ರ ಬೇರೆ. 1998ರಲ್ಲಿ ಚೀನಾದ ಯಾಂಗ್ಟ್ಸಿ ನದಿ ಉಕ್ಕಿ ಸಾವಿರಾರು ಜನ ಸತ್ತರು. ಚೀನಾ ತನ್ನ ಕಾಡು ಕಡಿಯುವುದನ್ನು ನಿಲ್ಲಿಸಿ ಗಡಿಯಾಚೆಯ ಕಚಿನ್ ಕಾಡಿಗೆ ಲಾರಿ ಕಳಿಸಿತು. ಅಲ್ಲೂ ಸರಕಾರದ ಸೇನಾಧಿಕಾರಿಗಳೂ, ಕಚಿನ್ ಪಡೆಯೂ ಪಾಲು ತೆಗೆದುಕೊಂಡರು. 2011ರಲ್ಲಿ ಕದನವಿರಾಮ ಮುರಿಯಿತು. 2015ರಲ್ಲಿ ಕಾಡಿನಲ್ಲಿ ಸಿಕ್ಕಿಬಿದ್ದ ನೂರೈವತ್ತಕ್ಕೂ ಹೆಚ್ಚು ಚೀನೀ ಕೂಲಿಗಳಿಗೆ ಜೀವಾವಧಿ ಶಿಕ್ಷೆಯಾಯಿತು. ಅದೇ ತಿಂಗಳು ಕ್ಷಮಾದಾನವೂ ಸಿಕ್ಕಿತು. ತನ್ನ ಮನೆಯ ಕಸ ಗುಡಿಸಿ ನೆರೆಮನೆಯ ಅಂಗಳಕ್ಕೆ ತಳ್ಳುವವರನ್ನು ನಾವು ಓಣಿಯಲ್ಲಿ ದಿನಾ ಬೈಯುತ್ತೇವೆ. ದೇಶಗಳು ಮಾಡಿದರೆ ಅದಕ್ಕೆ ಅರಣ್ಯನೀತಿ ಎಂಬ ಹೆಸರು.

ನಾವೇನು ಕಡಿಮೆ? 2014ರ ಏಪ್ರಿಲಿನಲ್ಲಿ ಮ್ಯಾನ್ಮಾರ್ ಇಡೀ ದಿಮ್ಮಿಗಳ ರಫ್ತು ನಿಲ್ಲಿಸುವ ತನಕ ಅದರ ದೊಡ್ಡ ಗಿರಾಕಿಗಳ ಸಾಲಿನಲ್ಲಿ ಭಾರತ ಮುಂದಿತ್ತು. 2021ರ ಫೆಬ್ರುವರಿ 1ರಂದು ಸೈನ್ಯ ಮತ್ತೆ ಅಧಿಕಾರ ಕಸಿದುಕೊಂಡ ಮೇಲೆ ಕರೆನ್ ಬೆಟ್ಟ, ಕಚಿನ್ ಬೆಟ್ಟ, ಬಯಲುಸೀಮೆ ಎಲ್ಲ ಕಡೆ ಯುದ್ಧ ಹಬ್ಬಿತು. ಮರ ಮಾರುವ ಸರಕಾರಿ ಸಂಸ್ಥೆಯ ಮೇಲೆ ಅಮೆರಿಕ ಅದೇ ಏಪ್ರಿಲಿನಲ್ಲಿ, ಯುರೋಪು ಜೂನಿನಲ್ಲಿ ನಿರ್ಬಂಧ ಹಾಕಿದವು. ಆ ಹಣ ಸೇನಾಧಿಕಾರಿಗಳ ಕೈ ಸೇರುತ್ತದೆ ಎಂಬ ಕಾರಣಕ್ಕೆ. ಹಾಗೆ ನಿರ್ಬಂಧ ಹಾಕಿದ ದೇಶಗಳ ಪಟ್ಟಿಯಲ್ಲಿ ನಮ್ಮದಿಲ್ಲ. ಇದೇ ಅಡ್ಡೆಯವರ ‘ಗದ್ದಲ’.

ಅಂದು ಅಡ್ಡೆಯಿಂದ ಬರಿಗೈಯಲ್ಲಿ ಬಂದೆವು. ದಾರಿಯಲ್ಲಿ ಮಗನಿಗೆ ಅಷ್ಟಿಷ್ಟು ಹೇಳಿದೆ. “ಅವ್ವಾ, ನಾವು ನಾಕು ಬಾಗಿಲು ಬಿಟ್ಟರ ಅಲ್ಲಿ ಯುದ್ಧ ನಿಲ್ಲತದೇನು?” ಎಂದ. ನಿಲ್ಲುವುದಿಲ್ಲ. ಅವನಿಗೆ ಹಾಗೆಯೇ ಹೇಳಿದೆ. “ಮತ್ತ ತಲಬಾಗಿಲು? ಅದೂ ಅಲ್ಲಿದೇ ಅಲ್ಲ?” ಎಂದು ಸೊಸೆ ರಾತ್ರಿ ಊಟಕ್ಕೆ ಬಡಿಸುತ್ತಾ ಕೇಳಿದಳು. ಚುರುಕು ಹುಡುಗಿ. ಅದಕ್ಕೆ ನನ್ನ ಹತ್ತಿರ ಸರಿಯಾದ ಉತ್ತರವಿರಲಿಲ್ಲ. ಎಸೆಯಲು ಮನಸ್ಸಿಲ್ಲ, ಮಾರಲು ಇನ್ನೂ ಮನಸ್ಸಿಲ್ಲ. ಅತ್ತೆಯವರು ಅರಿಸಿನ ಹಚ್ಚಿದ ಹೊಸ್ತಿಲು ಅದು.

ಬಡಿಗೇರ ಬಂದು ಅಳತೆ ತೆಗೆದ. ಹೊಸ ಮನೆಯ ಬಾಗಿಲ ಕಂಡಿ ಹಳೆಯ ಚೌಕಟ್ಟಿಗಿಂತ ನಾಲ್ಕು ಬೆರಳು ಚಿಕ್ಕದಾಗಿತ್ತು. ಚೌಕಟ್ಟು ಕೊಯ್ಯುವ ಬದಲು ಗೋಡೆಯನ್ನೇ ಒಡೆದು ಕೂರಿಸಿದೆವು. ಒಳಗಿನ ಚೌಕಟ್ಟುಗಳಿಗೆ ಮತ್ತಿ, ದೇವರ ಮನೆಗೆ ಹಲಸು, ಮಲಗುವ ಕೋಣೆಗಳಿಗೆ ಫ್ಲಶ್ ಡೋರು. ಮಹಡಿಯ ಕಿಟಕಿಗಳಿಗೆ ಏನು ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಅಡ್ಡೆಯವರು ಎರಡು ಸಲ ಫೋನು ಮಾಡಿದ್ದಾರೆ.